ಹೊಟ್ಟೆಯ ಬ್ಯಾಕ್ಟೀರಿಯಾ ಸರಿಹೋಗಲು ಮುಂಬಯಿಯಲ್ಲಿ ಏನು ಕೊಳ್ಳಬೇಕು: ಪ್ರೋಬಯೋಟಿಕ್ ಬಾಟಲಿಯಿಂದ ಮಂಗಳೂರು ಸ್ಟೋರಿನ ಕಡಲೆವರೆಗೆ

ಆಂಟಿಬಯೋಟಿಕ್ ಕೋರ್ಸ್ ಮುಗಿದರೂ ಹೊಟ್ಟೆ ಹದಕ್ಕೆ ಬರುತ್ತಿಲ್ಲ ಎನ್ನುವವರಿಗೆ, ತಿಂಗಳುಗಟ್ಟಲೆ ವಡಾಪಾವ್ ಮತ್ತು ಮೈದಾ ಬಿಸ್ಕತ್ತಿನಲ್ಲೇ ದಿನ ದೂಡಿ ಈಗ ಗ್ಯಾಸ್, ಮಲಬದ್ಧತೆ ಎಂದು ಪೇಚಾಡುವವರಿಗೆ ಮುಂಬಯಿಯ ಅಂಗಡಿಗಳಲ್ಲಿ ಸರಕಿಗೆ ಬರವಿಲ್ಲ. ಮಾಟುಂಗದ ಡೇರಿ ಅಂಗಡಿಯ ಮೊಸರು, ಪ್ಯಾಕೆಟ್ ಇಡ್ಲಿ ಹಿಟ್ಟು, ಸೂಪರ್ ಮಾರ್ಕೆಟ್ಟಿನ ಪ್ರೋಬಯೋಟಿಕ್ (ಹೊಟ್ಟೆಗೆ ಒಳ್ಳೆಯದೆಂದು ಜೀವಂತ ಬ್ಯಾಕ್ಟೀರಿಯಾ ಸೇರಿಸಿದ) ಬಾಟಲಿ, ಔಷಧಿ ಅಂಗಡಿಯ ಕ್ಯಾಪ್ಸೂಲ್, ಮುಲುಂಡ್, ಡೊಂಬಿವಲಿ ಕಡೆಯ ಮಂಗಳೂರು ಸ್ಟೋರುಗಳ ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಉಪ್ಪು ಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ). ಇವುಗಳಲ್ಲಿ ಕರುಳಿಗೆ ನಿಜವಾಗಿ ಕೆಲಸಕ್ಕೆ ಬರುವುದು ಯಾವುದು, ಹೆಸರಿಗೆ ಮಾತ್ರ ಯಾವುದು ಎಂಬುದೇ ಈ ವಿಮರ್ಶೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: ಕೈಯಲ್ಲಿ 500 ರೂಪಾಯಿ ಇದ್ದರೆ 400 ರೂಪಾಯಿಯನ್ನು ಇಡಿ ಕಾಳು, ಸೊಪ್ಪು, ರಾಗಿಗೆ ಹಾಕಿ, ಉಳಿದದ್ದರಲ್ಲಿ ಹಾಲು ತಂದು ಮನೆಯಲ್ಲೇ ಹೆಪ್ಪು ಹಾಕಿ. ಬಾಟಲಿಗೆ ಆಮೇಲೂ ದುಡ್ಡು ಮಿಕ್ಕರೆ ಅದು ನಿಮ್ಮ ಇಷ್ಟ.

ಬಾಟಲಿಯಿಂದಲೇ ಶುರು ಮಾಡೋಣ, ಎಲ್ಲರೂ ಮೊದಲು ಕೈ ಹಾಕುವುದು ಅದಕ್ಕೇ. ಯಾಕುಲ್ಟ್‌ನ 65 ಮಿಲಿಲೀಟರ್ ಬಾಟಲಿಯಲ್ಲಿ ಶಿರೋಟಾ ತಳಿಯ ಲ್ಯಾಕ್ಟೋಬ್ಯಾಸಿಲಸ್ 650 ಕೋಟಿ ಇರುತ್ತವೆ. ಜಪಾನಿನ ಮಿನೋರು ಶಿರೋಟಾ 1930ರಲ್ಲಿ ಬೆಳೆಸಿದ ಈ ತಳಿ ಜಠರದ ಆಮ್ಲವನ್ನು ದಾಟಿ ಜೀವಂತವಾಗಿ ಕರುಳು ಸೇರುತ್ತದೆ. ಅದರಲ್ಲಿ ಸಂಶಯವಿಲ್ಲ. ತಳಿಯ ಹೆಸರು, ಸಂಖ್ಯೆ ಎರಡನ್ನೂ ಲೇಬಲ್ಲಿನ ಮೇಲೆ ನೇರವಾಗಿ ಹಾಕುತ್ತಾರೆ ಎಂಬುದೂ ಮೆಚ್ಚಬೇಕಾದ ಮಾತು. ಆದರೆ ದೊಡ್ಡವರೊಬ್ಬರ ದೇಹದಲ್ಲಿ ಈಗಾಗಲೇ ಇರುವ ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ, ಬಹುಪಾಲು ದೊಡ್ಡ ಕರುಳಿನಲ್ಲೇ. ಒಂದು ಬಾಟಲಿ ಅದರ 5,800ರಲ್ಲಿ ಒಂದು ಪಾಲು. ಬಂದವು ಅಲ್ಲಿ ಬೇರೂರುವುದೂ ಅಪರೂಪ, ಕುಡಿಯುವುದನ್ನು ನಿಲ್ಲಿಸಿದ ಕೆಲವು ದಿನಗಳಲ್ಲೇ ಹೊರಟುಹೋಗುತ್ತವೆ. ಜೊತೆಗೆ ಮಾಮೂಲಿ ಬಾಟಲಿಯಲ್ಲಿ ಸುಮಾರು ಎರಡು ಟೀ ಚಮಚ ಸಕ್ಕರೆ ಇದೆ. ಸಕ್ಕರೆ ಕಾಯಿಲೆಯವರು ಲೈಟ್ ಬಾಟಲಿಯನ್ನೇ ತೆಗೆದುಕೊಳ್ಳಲಿ. ಅಂಗಡಿಯವರು ಫ್ರಿಜ್ಜಿನ ಹೊರಗೆ ಜೋಡಿಸಿಟ್ಟದ್ದನ್ನು ಮಾತ್ರ ಕೊಳ್ಳಬೇಡಿ. 10 ಡಿಗ್ರಿಗಿಂತ ತಣ್ಣಗೆ ಇಡಬೇಕಾದ ಪದಾರ್ಥ ಅದು, ಮುಂಬಯಿಯ ಮೇ ತಿಂಗಳಲ್ಲಿ ಕೌಂಟರಿನ ಮೇಲೆ ಅರ್ಧ ದಿನ ಕೂತರೆ ಕೊಟ್ಟ ದುಡ್ಡು ವ್ಯರ್ಥ. ಕೆಟ್ಟ ಪದಾರ್ಥವಲ್ಲ, ಅನಿವಾರ್ಯವೂ ಅಲ್ಲ.

ಮೊಸರಿನ ವಿಷಯ ಬೇರೆ. ದಿನಾ ತಿನ್ನುವಂಥದ್ದು, ಅಗ್ಗ, ಹೊಟ್ಟೆಗೂ ರೂಢಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಸ್ಟಿನ್ ಸೊನ್ನೆನ್‌ಬರ್ಗ್ ಮತ್ತು ಕ್ರಿಸ್ಟೋಫರ್ ಗಾರ್ಡ್ನರ್ ತಂಡ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 36 ಮಂದಿಯನ್ನು ಎರಡು ಗುಂಪು ಮಾಡಿ 10 ವಾರ ನೋಡಿದರು. ಮೊಸರು, ಕೆಫಿರ್ (ಹುದುಗಿಸಿದ ಹಾಲಿನ ಪಾನೀಯ), ಹುದುಗಿಸಿದ ತರಕಾರಿಯಂಥವನ್ನು ಹೆಚ್ಚು ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾದ ಬಗೆಗಳು ಹೆಚ್ಚಿದವು, ಉರಿಯೂತ ಸೂಚಿಸುವ ಪ್ರೋಟೀನುಗಳು ರಕ್ತದಲ್ಲಿ ತಗ್ಗಿದವು. ನಾರು ಹೆಚ್ಚು ತಿಂದ ಗುಂಪಿನಲ್ಲಿ ಅಷ್ಟರೊಳಗೆ ಬಗೆಗಳು ಹೆಚ್ಚಲಿಲ್ಲ. ನಾರು ಬೇಡ ಎಂದು ಇದರ ಅರ್ಥವಲ್ಲ. ವರ್ಷಗಟ್ಟಲೆ ಹಸಿದಿದ್ದ ಕರುಳಿನಲ್ಲಿ ನಾರನ್ನು ಅರಗಿಸುವ ಬಗೆಗಳೇ ಕಡಿಮೆಯಾಗಿರುತ್ತವೆ, ಅವು ಏಳಲು ಹೊತ್ತು ಬೇಕು. ಎರಡೂ ಬೇಕು, ಮೊಸರಿನ ಫಲ ಬೇಗ ಕಾಣುತ್ತದೆ.

ಅಂಗಡಿಯಲ್ಲಿ ಲೇಬಲ್ ಓದುವುದು ಹೀಗೆ. ಪದಾರ್ಥಗಳ ಸಾಲಿನಲ್ಲಿ ಹಾಲು ಮತ್ತು ಹೆಪ್ಪಿನ ಕಲ್ಚರ್, ಹೆಚ್ಚೆಂದರೆ ಹಾಲಿನ ಪುಡಿ, ಇಷ್ಟೇ ಇರಲಿ. ತಯಾರಿಸಿದ ದಿನಾಂಕ ಹತ್ತಿರದ್ದಿರಲಿ. ಇಟ್ಟಷ್ಟೂ ಜೀವಂತ ಬ್ಯಾಕ್ಟೀರಿಯಾದ ಸಂಖ್ಯೆ ಇಳಿಯುತ್ತದೆ, ಆದ್ದರಿಂದ ಅಂಗಡಿಯವರು ಮುಂದಿಟ್ಟ ಪ್ಯಾಕೆಟ್ ಬಿಟ್ಟು ಹಿಂದಿನದನ್ನು ಎಳೆದುಕೊಳ್ಳಿ. ಫ್ರಿಜ್ಜಿಲ್ಲದೆ ತಿಂಗಳುಗಟ್ಟಲೆ ಬಾಳುವ ಟೆಟ್ರಾ ಪ್ಯಾಕ್ ಮಜ್ಜಿಗೆ ಬಿಸಿಲಿಗೆ ತಂಪು ನಿಜ, ಆದರೆ ಹುಳಿ ಬಂದ ಮೇಲೆ ಅದನ್ನು ಮತ್ತೆ ವಿಪರೀತ ಕಾಯಿಸಿರುತ್ತಾರೆ, ಒಳಗೆ ಜೀವಂತವಾದದ್ದು ಏನೂ ಉಳಿದಿರುವುದಿಲ್ಲ. ಹಣ್ಣಿನ ರುಚಿಯ ಯೋಗರ್ಟ್ ಕಪ್ಪುಗಳನ್ನು ಸಿಹಿತಿಂಡಿ ಎಂದೇ ಲೆಕ್ಕ ಹಾಕಿ. ‘ಪ್ರೋಬಯೋಟಿಕ್’ ಎಂದು ಬರೆದಿದ್ದರೆ ತಳಿಯ ಹೆಸರು ಮತ್ತು ಸಂಖ್ಯೆ ಹುಡುಕಿ. ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಲ್ಲಿ ದಿನದ ಪ್ರಮಾಣಕ್ಕೆ ಕನಿಷ್ಠ 10 ಕೋಟಿ ಜೀವಾಣು ಇರಬೇಕು.

ಇಷ್ಟೆಲ್ಲ ನೋಡಿ ತರುವುದಕ್ಕಿಂತ ಮನೆಯಲ್ಲಿ ಹೆಪ್ಪು ಹಾಕುವುದೇ ಲೇಸು. ಅರ್ಧ ಲೀಟರ್ ಹಾಲು ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 5ರಿಂದ 10 ನಿಮಿಷ ಕಾಯಲಿ. ಹಾಲಿನ ಪ್ರೋಟೀನು ಬದಲಾಗಿ ಮೊಸರು ಗಟ್ಟಿ ಕೂರುವುದು ಇದರಿಂದಲೇ. ಆಮೇಲೆ 40ರಿಂದ 42 ಡಿಗ್ರಿಗೆ ಇಳಿಯಬೇಕು: ತೊಳೆದ ಬೆರಳನ್ನು ಅದ್ದಿ ಹತ್ತು ಎಣಿಸುವವರೆಗೆ ಇಟ್ಟರೆ ಬೆಚ್ಚಗೆನಿಸಬೇಕು, ಚುರುಕು ಮುಟ್ಟಬಾರದು. ಒಂದು ಟೀ ಚಮಚ ಹೆಪ್ಪನ್ನು ಸ್ವಲ್ಪ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ ಸೇರಿಸಿ, ಮುಚ್ಚಿ, ಅಲುಗಾಡಿಸದೆ ಬಿಡಿ. ಮೇ ತಿಂಗಳಲ್ಲಿ 4ರಿಂದ 5 ಗಂಟೆ ಸಾಕು. ಜನವರಿಯ ರಾತ್ರಿಯಲ್ಲಿ 7, 8 ಗಂಟೆಯೂ ಆಗುತ್ತದೆ, ಆಗ ಈಗಷ್ಟೇ ಆರಿದ ಕುಕ್ಕರಿನೊಳಗೆ ಪಾತ್ರೆ ಇಟ್ಟು ಮುಚ್ಚಳ ಮುಚ್ಚಿದರೆ ಕಾವು ನಿಲ್ಲುತ್ತದೆ. ಕೂತ ಕೂಡಲೇ ಫ್ರಿಜ್ಜಿಗೆ. ಬೆಳಿಗ್ಗೆ ನೋಡಿದರಾಯಿತು ಎಂದು ಸೆಕೆಯ ರಾತ್ರಿಯಿಡೀ ಹೊರಗೆ ಬಿಟ್ಟರೆ ಬಾಯಿಗಿಡಲಾರದಷ್ಟು ಹುಳಿಯಾಗುತ್ತದೆ.

ಕೆಡುವುದು ಎಲ್ಲಿ ಎಂದರೆ, ಹಾಲು ತುಂಬ ಬಿಸಿಯಿರುವಾಗ ಹೆಪ್ಪು ಹಾಕಿದರೆ ಬ್ಯಾಕ್ಟೀರಿಯಾ ಸತ್ತು ಹಾಲು ಹಾಲಾಗಿಯೇ ಉಳಿಯುತ್ತದೆ, ಇಲ್ಲವೇ ಒಡೆದು ನೀರು ಬಿಡುತ್ತದೆ. ಆರಿದ ಹಾಲಿಗೆ ಹಾಕಿದರೆ ನಿಧಾನವಾಗಿ ಹುಳಿಯುತ್ತಾ ಚಮಚಕ್ಕೆ ಎಳೆ ಬರುವ ಲೋಳೆ ಮೊಸರಾಗುತ್ತದೆ. ಲೋಳೆ ಬಂದ ಹೆಪ್ಪನ್ನು ಮುಂದುವರಿಸಬೇಡಿ, ಪ್ರತಿ ಸಲವೂ ಅದೇ ಬರುತ್ತದೆ. ಹೊಸ ಸಾದಾ ಮೊಸರಿನ ಪ್ಯಾಕೆಟ್ ತಂದು ಅದರಿಂದ ಮತ್ತೆ ಶುರು ಮಾಡಿ. ಕಹಿ ಬಂದರೂ ಹೀಗೆಯೇ. ದಿನಕ್ಕೆ 150ರಿಂದ 200 ಗ್ರಾಂ, ಮಧ್ಯಾಹ್ನಕ್ಕೂ ರಾತ್ರಿಗೂ ಹಂಚಿಕೊಂಡು ತಿಂದರೆ ಒಳ್ಳೆಯದು. ಇಲ್ಲೊಂದು ಮಾತು ನೆನಪಿರಲಿ: ಮಜ್ಜಿಗೆಹುಳಿ ಕುದಿಸಿದಾಗ ಬ್ಯಾಕ್ಟೀರಿಯಾ ಉಳಿಯುವುದಿಲ್ಲ, ತಂಬುಳಿಯಲ್ಲಿ ಉಳಿಯುತ್ತದೆ. ಒಂದೆಲಗ, ದೊಡ್ಡಪತ್ರೆ ಹುರಿದು, ತೆಂಗಿನಕಾಯಿ ಜೀರಿಗೆ ಜೊತೆ ರುಬ್ಬಿ, ಪೂರ್ತಿ ಆರಿದ ಮೇಲೆ ಮೊಸರು ಬೆರೆಸಿ. ಕರುಳಿನ ದೃಷ್ಟಿಯಿಂದ ನಮ್ಮ ಅಡುಗೆಯಲ್ಲಿ ತಂಬುಳಿಗೆ ಮೊದಲ ಮಣೆ ಹಾಕಬೇಕು. ಮೊಸರನ್ನವೂ ಅಷ್ಟೇ, ಹಬೆಯಾಡುವ ಅನ್ನಕ್ಕೆ ಮೊಸರು ಸುರಿಯದೆ ಉಗುರುಬೆಚ್ಚಗಾದ ಮೇಲೆ ಕಲಸಿ.

ಪ್ಯಾಕೆಟ್ ಇಡ್ಲಿ ಹಿಟ್ಟಿನ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಹಿಟ್ಟು ಜೀವಂತವೇ ಹೌದು, ಉಬ್ಬಿದ ಪ್ಯಾಕೆಟ್ಟೇ ಅದಕ್ಕೆ ಸಾಕ್ಷಿ: ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಬಿಟ್ಟ ಇಂಗಾಲದ ಡೈಆಕ್ಸೈಡ್ ಅದು. ಆದರೆ ಇಡ್ಲಿ ಪಾತ್ರೆಯ ಹಬೆಯಲ್ಲಿ ಅವೆಲ್ಲ ಸಾಯುತ್ತವೆ, ದೋಸೆ ಕಾವಲಿಯಲ್ಲೂ ಅಷ್ಟೇ. ಹಾಗೆಂದು ಹುದುಗಿಸುವುದು ದಂಡವಲ್ಲ. ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕಡಿಮೆಯಾಗುತ್ತದೆ, ಅರಗಿಸಲು ಹಗುರ. ಹುಷಾರಿಲ್ಲದಾಗ ಇಡ್ಲಿ ತಿನ್ನುವುದು ಸರಿಯಾದ ರೂಢಿ, ಆದರೆ ಅದನ್ನು ಪ್ರೋಬಯೋಟಿಕ್ ಎನ್ನಲಾಗದು. ನಾರೂ ಕಡಿಮೆ, ಮೂರು ಇಡ್ಲಿಗೆ ಸುಮಾರು 4 ಗ್ರಾಂ. ಕೊಳ್ಳುವುದಾದರೆ ಸೋಡಾ ಇಲ್ಲದ, ಅಕ್ಕಿ, ಉದ್ದು, ಮೆಂತೆ, ಉಪ್ಪು ಮಾತ್ರ ಇರುವ ಪ್ಯಾಕೆಟ್ ತನ್ನಿ. ಕಲ್ಲಿನಂತೆ ಬಿಗಿದು ಉಬ್ಬಿ, ಮೂಗಿಗೆ ಕಟು ವಾಸನೆ ಹೊಡೆಯುವುದನ್ನು ವಾಪಸು ಕೊಡಿ. ಸಾಗಿಸುವಾಗ ತಂಪು ತಪ್ಪಿದೆ ಎಂದೇ ಅರ್ಥ.

ಉಪ್ಪಿನಕಾಯಿ ಮೇಲೆ ನಿರೀಕ್ಷೆ ಬೇಡ. ಮಾವಿನ ಮಿಡಿ, ಉಪ್ಪು ಸೊಳೆ ಇವುಗಳಿಗೆ ಬಾಳಿಕೆ ಬರಲೆಂದು ಹಾಕುವ ಉಪ್ಪು ಅಷ್ಟಿಷ್ಟಲ್ಲ, ಅಷ್ಟು ಉಪ್ಪಿನಲ್ಲಿ ಹುಳಿ ಬರಿಸುವ ಬ್ಯಾಕ್ಟೀರಿಯಾಗೂ ಬೆಳೆಯಲಾಗದು. ವಿನೆಗರ್ ಹಾಕಿದ ಬಾಟಲಿ ಉಪ್ಪಿನಕಾಯಿಯಲ್ಲಂತೂ ಹುದುಗುವಿಕೆಯೇ ನಡೆದಿರುವುದಿಲ್ಲ. ರುಚಿಗೆ ತಿನ್ನಿ, ಔಷಧಿಯೆಂದು ಬೇಡ. ಉಪ್ಪುನೀರಿನಲ್ಲಿ ತರಕಾರಿ ಹುದುಗಿಸುವ ಆಸೆಯಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 25ರಿಂದ 30 ಗ್ರಾಂ ಉಪ್ಪು, ಬೆರಳುದ್ದ ಹೆಚ್ಚಿದ ಗಜ್ಜರಿ, ಮೂಲಂಗಿ, ಒಂದೆರಡು ಹಸಿಮೆಣಸು, ಒಂದು ಚಮಚ ಸಾಸಿವೆ ಪುಡಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ಸಿಗುವ ಕೆಂಪು ಗಜ್ಜರಿ ಇದಕ್ಕೆ ಬಲು ಚೆನ್ನ. ತರಕಾರಿ ನೀರಿನ ಮೇಲೆ ತೇಲದಂತೆ ಸಣ್ಣ ಬಟ್ಟಲಿನಿಂದ ಒತ್ತಿಡಬೇಕು, ಮೇಲೆದ್ದ ತುದಿಗೇ ಬೂಸ್ಟು ಹಿಡಿಯುವುದು. ಜಾಡಿಯ ಮುಚ್ಚಳವನ್ನು ದಿನಕ್ಕೊಮ್ಮೆ ಸಡಿಲಿಸಿ ಗ್ಯಾಸ್ ಬಿಡಿ. ಮುಂಬಯಿಯ ಹವೆಗೆ ಮೂರು ದಿನ ಸಾಕು, ಆಮೇಲೆ ಫ್ರಿಜ್ಜು. ಮೇಲೆ ತೆಳ್ಳಗೆ ಬಿಳಿ ಪೊರೆ ಬಂದರೆ ಅದು ಯೀಸ್ಟ್, ತೆಗೆದುಹಾಕಿ ಬಳಸಬಹುದು. ಹಸಿರು, ಕಪ್ಪು, ಗುಲಾಬಿ ಬಣ್ಣದ ಬೂಸ್ಟು ಕಂಡರೆ ಇಡೀ ಜಾಡಿ ಚೆಲ್ಲಿ. ರಕ್ತದೊತ್ತಡದವರಿಗೆ ಇದು ಹೇಳಿಸಿದ್ದಲ್ಲ, ಮೊಸರೇ ಸಾಕು.

ಈಗ ನಮ್ಮ ಮಟ್ಟಿಗೆ ಇಡೀ ಪೇಟೆಯಲ್ಲಿ ಅತಿ ಮುಖ್ಯವಾದ ಕಪಾಟು: ಮಂಗಳೂರು ಸ್ಟೋರಿನ ಕಾಳು, ಧಾನ್ಯ, ಸೊಪ್ಪು. ನಾವು ಅರಗಿಸಲಾಗದ ನಾರು ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ತಿಂದು ಬ್ಯೂಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ, ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನವೇ ಅದು. ನಾರು ಸಿಗದಿದ್ದರೆ ಅವು ಕರುಳಿನ ಲೋಳೆ ಪದರಕ್ಕೇ ಬಾಯಿ ಹಾಕುತ್ತವೆ. ದಿನಕ್ಕೆ ಸುಮಾರು 30 ಗ್ರಾಂ ನಾರು ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಇಡಿ ಕಡಲೆಯಲ್ಲಿ 25 ಗ್ರಾಂ ನಾರು, ಪಚ್ಚೆಹೆಸರಿನಲ್ಲಿ 17, ಮಟ್ಕಿಯಲ್ಲಿ (ಮಡಿಕೆ ಕಾಳು) 15, ಅಲಸಂದೆ, ರಾಗಿಗಳಲ್ಲಿ 11ರ ಆಸುಪಾಸು, ಜೋಳದಲ್ಲಿ 10. ಹುರುಳಿಗೆ ಇರುವ ಹೆಸರಿಗೆ ಹೋಲಿಸಿದರೆ ನಾರು 8 ಗ್ರಾಂ ಮಾತ್ರ. ಹುರುಳಿ ಸಾರು ಬಿಡಬೇಡಿ, ಆದರೆ ನಾರಿಗಾಗಿ ಕಡಲೆಯೇ ಮೇಲು. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಸ್ಟೋರಿನಲ್ಲಿ ಕುಚ್ಚಲಕ್ಕಿ ಕೇಳುವಾಗ ಕೆಂಪು ತೌಡು ಉಳಿದಿರುವುದನ್ನೇ ಕೇಳಿ. ಬಿಳಿ ಕುಚ್ಚಲಕ್ಕಿಯೂ ಇರುತ್ತದೆ, ಎರಡೂ ಒಂದಲ್ಲ.

ದಿನದ ಲೆಕ್ಕ ಹೀಗೆ ಕೂಡುತ್ತದೆ. ಬೆಳಿಗ್ಗೆ 30 ಗ್ರಾಂ ರಾಗಿಹಿಟ್ಟಿನ ಅಂಬಲಿಗೆ 3 ಗ್ರಾಂ ಚಿಲ್ಲರೆ, ಮಧ್ಯಾಹ್ನ 80 ಗ್ರಾಂ ಕುಚ್ಚಲಕ್ಕಿಗೆ 3, 40 ಗ್ರಾಂ ಅಲಸಂದೆ ಗಸಿಗೆ 4ರಿಂದ 5, 150 ಗ್ರಾಂ ಹರಿವೆ ಸೊಪ್ಪಿನ ಪಲ್ಯಕ್ಕೆ 6, ಸಂಜೆ 30 ಗ್ರಾಂ ಕಡಲೆ ಉಸ್ಲಿಗೆ 7, ಒಂದು ಮಧ್ಯಮ ಪೇರಳೆಗೆ 8, ರಾತ್ರಿ ಎರಡು ಚಪಾತಿಗೆ 6ರಿಂದ 7. ಮೂವತ್ತು ದಾಟಿತು, ಯಾವ ಪುಡಿಯ ಡಬ್ಬಿಯೂ ಬೇಕಾಗಲಿಲ್ಲ. ಅಂಬಲಿ ಹಿಟ್ಟನ್ನು ರಾತ್ರಿಯಿಡೀ ಹುಳಿ ಬರಿಸಿದರೂ ಬೆಳಿಗ್ಗೆ ಕುದಿಸಿದಾಗ ಜೀವ ಹೋಗುತ್ತದೆ, ಮಜ್ಜಿಗೆಯನ್ನು ಆರಿದ ಮೇಲೆ ಬೆರೆಸಿದರೆ ಅದು ಮರಳಿ ಬರುತ್ತದೆ. ಬಗೆಯೂ ಬದಲಾಗುತ್ತಿರಲಿ. ವಾರಕ್ಕೆ 30ಕ್ಕಿಂತ ಹೆಚ್ಚು ಬಗೆಯ ಸಸ್ಯಾಹಾರ ತಿನ್ನುವವರ ಕರುಳಿನಲ್ಲಿ, 10ಕ್ಕಿಂತ ಕಡಿಮೆ ತಿನ್ನುವವರಿಗಿಂತ ವೈವಿಧ್ಯ ಹೆಚ್ಚು ಎಂದು ಅಮೆರಿಕನ್ ಗಟ್ ಪ್ರಾಜೆಕ್ಟ್ ಎಂಬ ಅಧ್ಯಯನ 2018ರಲ್ಲಿ ಕಂಡುಕೊಂಡಿತು. ಬಸಳೆ, ನುಗ್ಗೆ, ಬಾಳೆದಿಂಡು, ಪೂಂಬೆ (ಬಾಳೆಹೂವು), ಜೀಗುಜ್ಜೆ, ಕೆಸು ಒಂದೇ ಅಂಗಡಿಯಲ್ಲಿ ಸಿಗುವಾಗ ನಮ್ಮವರಿಗೆ 30 ದೊಡ್ಡ ಮಾತಲ್ಲ. ಸ್ಟೋರು ದೂರವಾದವರು ಪಕ್ಕದ ಮರಾಠಿ ಕಿರಾಣಿಯಲ್ಲಿ ಮಟ್ಕಿ, ಚವಳಿ (ಅಲಸಂದೆ), ನಾಚಣಿ (ರಾಗಿ) ಹಿಟ್ಟು ಕೇಳಿದರೆ ಸಾಕು.

ಇಲ್ಲಿ ಹೆಚ್ಚಿನವರು ಎಡವುವುದು ಅವಸರದಿಂದ. ಇದ್ದಕ್ಕಿದ್ದಂತೆ 10 ಗ್ರಾಂನಿಂದ 30 ಗ್ರಾಂಗೆ ಏರಿದರೆ ಹೊಟ್ಟೆ ಡೋಲಿನಂತೆ ಬಿಗಿಯುತ್ತದೆ, ಮೂರನೆಯ ದಿನ ‘ನನಗೆ ಕಾಳು ಆಗಿಬರುವುದಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ವಾರಕ್ಕೆ 5 ಗ್ರಾಂ ಮಾತ್ರ ಏರಿಸಿ, ನೀರು ಹೆಚ್ಚು ಕುಡಿಯಿರಿ. ಕಾಳನ್ನು 10, 12 ಗಂಟೆ ನೆನೆಸಿ ಆ ನೀರು ಚೆಲ್ಲಿದರೆ ಗ್ಯಾಸ್ ಮಾಡುವ ಸಕ್ಕರೆಗಳು ಒಂದಷ್ಟು ಹೋಗುತ್ತವೆ, ಮೊಳಕೆ ಬರಿಸಿದರೆ ಇನ್ನಷ್ಟು. ಮೊದಲ ವಾರ ಹೆಸರು, ಆಮೇಲೆ ಅಲಸಂದೆ, ಕೊನೆಗೆ ಕಡಲೆ, ಈ ಸರದಿ ಹೊಟ್ಟೆಗೆ ಹಿತ. ಐಬಿಎಸ್ (ಪದೇ ಪದೇ ಹೊಟ್ಟೆನೋವು, ಭೇದಿ, ಮಲಬದ್ಧತೆ ಕಾಡುವ ಕರುಳಿನ ತೊಂದರೆ) ಇರುವವರಿಗೆ ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಫ್ರಕ್ಟಾನ್ ಎಂಬ ನಾರು ಕೂಡ ತೊಂದರೆ ಕೊಡಬಹುದು, ಅಂಥವರು ಡಯಟೀಷಿಯನ್ ಸಲಹೆಯಿಲ್ಲದೆ ಇದಕ್ಕೆ ಇಳಿಯಬಾರದು. ತಿಂದದ್ದಕ್ಕೆ ತಕ್ಕಂತೆ ಬ್ಯಾಕ್ಟೀರಿಯಾ ಒಂದೆರಡು ದಿನಗಳಲ್ಲೇ ಬದಲಾಗುತ್ತವೆ, ಹಳೆಯ ಊಟಕ್ಕೆ ಮರಳಿದರೆ ಅಷ್ಟೇ ಬೇಗ ಅವೂ ಮರಳುತ್ತವೆ. ಹದಿನೈದು ದಿನದ ‘ಗಟ್ ರೀಸೆಟ್’ ಪ್ಯಾಕೇಜುಗಳಿಗೆ ಸಾವಿರಗಟ್ಟಲೆ ಕೊಡಬೇಡಿ ಎನ್ನುವುದು ಇದಕ್ಕೇ.

ತಂಗಳನ್ನದ ವಿಷಯದಲ್ಲಿ ಎಚ್ಚರ. ಬೆಂದ ಅನ್ನ ತಣಿದಾಗ ಪಿಷ್ಟದ ಒಂದು ಪಾಲು ಅರಗದ ರೂಪಕ್ಕೆ ತಿರುಗುತ್ತದೆ, ಬ್ಯಾಕ್ಟೀರಿಯಾಗೆ ಅದೂ ಆಹಾರವೇ. ಆದರೆ 100 ಗ್ರಾಂ ಅನ್ನಕ್ಕೆ ಒಂದು ಗ್ರಾಂನಷ್ಟು ಹೆಚ್ಚುತ್ತದೆ ಅಷ್ಟೇ, ಅದನ್ನೇ ಪವಾಡ ಮಾಡಬಾರದು. ಅಪಾಯವಿರುವುದು ಬ್ಯಾಸಿಲಸ್ ಸೀರಿಯಸ್‌ನಿಂದ: ಅದರ ಬೀಜಾಣು ಅನ್ನ ಬೇಯುವಾಗಲೂ ಸಾಯುವುದಿಲ್ಲ, ಸೆಕೆಯಲ್ಲಿ ಹೊರಗಿಟ್ಟ ಅನ್ನದಲ್ಲಿ ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗಿಡಿ. ನೀರು ಹಾಕಿ ಹುಳಿ ಬರಿಸುವವರು ಆರಿದ ಅನ್ನ ಮುಳುಗುವಷ್ಟು ಕುದಿಸಿ ತಣಿಸಿದ ನೀರಿನ ಜೊತೆ ಒಂದು ಚಮಚ ಮೊಸರನ್ನೂ ಕದಡಲಿ, ಹುಳಿ ಬೇಗ ಬಂದರೆ ಬೇಡದ್ದಕ್ಕೆ ಜಾಗವಿರುವುದಿಲ್ಲ. ಬೇಸಿಗೆಯಲ್ಲಿ 8 ಗಂಟೆ ಮೀರಬಾರದು. ಬೆರಳಿಗೆ ಲೋಳೆ ಅಂಟಿದರೆ ಚೆಲ್ಲಿ.

ಹೋಟೆಲಿಗೆ ಹೋಗುವವರಿಗೆ ಎರಡು ಮಾತು. ಮಾಟುಂಗ ಸ್ಟೇಷನ್ ಹತ್ತಿರ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂಥ ಕಡೆ ಊಟಕ್ಕೆ ಕೂತರೆ ಮೊದಲು ಪಲ್ಯ, ಆಮೇಲೆ ಅನ್ನ, ಕೊನೆಗೆ ಮೊಸರು ಅಥವಾ ಮಜ್ಜಿಗೆ ಎಂಬ ಕ್ರಮ ಬಿಡಬೇಡಿ. ಕಿಂಗ್ಸ್ ಸರ್ಕಲ್ಲಿನ ಕೆಫೆ ಮದ್ರಾಸಿನ ರಾಗಿ ದೋಸೆ ಸಾದಾ ದೋಸೆಗಿಂತ ನಾರಿನಲ್ಲಿ ಮುಂದು.

ಔಷಧಿ ಅಂಗಡಿಯ ಕ್ಯಾಪ್ಸೂಲಿಗೆ ಬಂದರೆ, ಆಂಟಿಬಯೋಟಿಕ್ ನಡೆಯುತ್ತಿರುವಾಗ ಭೇದಿ ತಡೆಯಲು ವೈದ್ಯರು ಸ್ಯಾಕರೊಮೈಸಿಸ್ ಬೌಲಾರ್ಡಿ ಕೊಡುವುದಕ್ಕೆ ಕಾರಣವಿದೆ: ಅದು ಯೀಸ್ಟ್, ಆಂಟಿಬಯೋಟಿಕ್‌ಗೆ ಸಾಯುವುದಿಲ್ಲ. ಆದರೆ ಕೋರ್ಸ್ ಮುಗಿದ ಮೇಲೆ ಸ್ವಂತ ಬ್ಯಾಕ್ಟೀರಿಯಾ ಬೇಗ ಮರಳಲಿ ಎಂದು ನಾವೇ ಕೊಂಡು ನುಂಗುವುದಕ್ಕೆ ನಮ್ಮ ಸಮ್ಮತಿಯಿಲ್ಲ. ಇಸ್ರೇಲಿನ ವೈಜ್ಮನ್ ಸಂಸ್ಥೆಯ ಎರಾನ್ ಎಲಿನಾವ್ ಮತ್ತು ಎರಾನ್ ಸೆಗಾಲ್ ತಂಡ 2018ರಲ್ಲಿ ತೋರಿಸಿದಂತೆ, ಆಂಟಿಬಯೋಟಿಕ್ ನಂತರ 11 ತಳಿಗಳ ಪ್ರೋಬಯೋಟಿಕ್ ತೆಗೆದುಕೊಂಡವರಲ್ಲಿ ಮೂಲ ಬ್ಯಾಕ್ಟೀರಿಯಾ ಮರಳುವುದು, ಏನೂ ತೆಗೆದುಕೊಳ್ಳದವರಿಗಿಂತ ತಿಂಗಳುಗಟ್ಟಲೆ ತಡವಾಯಿತು. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ, ಐಸಿಯುನಲ್ಲಿ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಇಳಿಸುವ ನಳಿಕೆ) ಹಾಕಿಸಿಕೊಂಡವರಲ್ಲಿ ಇಂಥ ಜೀವಾಣು ರಕ್ತಕ್ಕೆ ಸೇರಿದ್ದೂ ಇದೆ. ಕೀಮೋ ನಡೆಯುತ್ತಿರುವವರು ಮನೆಯ ಹುದುಗಿಸಿದ ಪದಾರ್ಥಗಳನ್ನೂ ವೈದ್ಯರನ್ನು ಕೇಳದೆ ತಿನ್ನಬಾರದು.

ಮಲದ ಮಾದರಿ ಕಳಿಸಿದರೆ ‘ನಿಮ್ಮ ಕರುಳಿನ ಅಂಕ’ ಹೇಳುವ ಟೆಸ್ಟ್ ಕಿಟ್‌ಗಳನ್ನು ಸದ್ಯ ಬಿಟ್ಟುಬಿಡಿ. ಆರೋಗ್ಯವಂತ ಕರುಳಿನ ಬ್ಯಾಕ್ಟೀರಿಯಾ ಹೀಗೇ ಇರಬೇಕು ಎಂಬ ಒಪ್ಪಿತ ಅಳತೆಯೇ ಇನ್ನೂ ಇಲ್ಲ, ಅಂಕ ಬಂದ ಮೇಲೂ ಕಾಳು, ಸೊಪ್ಪು, ಮೊಸರು ತಿನ್ನಿ ಎಂದೇ ಬರೆದು ಕಳಿಸುತ್ತಾರೆ. ಆ ದುಡ್ಡನ್ನು ನಿಜವಾದ ತಪಾಸಣೆಗೆ ಇಟ್ಟುಕೊಳ್ಳಿ: ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ಐವತ್ತರ ನಂತರ ಹೊಸದಾಗಿ ಬದಲಾದ ಮಲದ ಅಭ್ಯಾಸ, ಇವುಗಳಲ್ಲಿ ಯಾವುದಿದ್ದರೂ ಮೊಸರು, ಕಾಳಿನ ಪ್ರಯೋಗದಲ್ಲಿ ವಾರ ಕಳೆಯದೆ ಗ್ಯಾಸ್ಟ್ರೋಎಂಟರಾಲಜಿಸ್ಟ್ ಹತ್ತಿರ ಹೋಗಿ.